ಹಗ್ಗವಿಲ್ಲದ ಕುರಿಗಳು

ಗಲ್ಫಿನ ಸುಲೈಬಿಯಾದ ಡೇರಿ ಫಾರ್ಮಿನಲ್ಲಿ ನಾನು ಗುಮಾಸ್ತನಾಗಿದ್ದೆ. ಹಾಲು ಕರೆಯುವವರೆಲ್ಲ ನಮ್ಮ ತುಳುನಾಡಿನವರು. ತಂತಿಬೇಲಿಯ ಆಚೆ ಒಬ್ಬ ಕುರುಬ. ಅನಂತಪುರದ ಗಡಿಯವನು, ಮನೆಮಾತು ಕನ್ನಡ. ಹಾಗಾಗಿ ಜಗಳಕ್ಕೆ ಭಾಷೆಯ ಅಡ್ಡಿಯಿರಲಿಲ್ಲ. ಅವನ ಕುರಿಗಳು ಬೇಲಿಯಡಿ ನುಸುಳಿ ನಮ್ಮ ಹಸಿ ಮೇವಿಗೆ ಬಾಯಿ ಹಾಕುತ್ತಿದ್ದವು, ನಾವು ಕೋಲು ಹಿಡಿದು ಅಟ್ಟುತ್ತಿದ್ದೆವು.

"ನಿಮ್ಮ ದನಕ್ಕೆ ಫ್ಯಾನ್ ಐತೆ, ನೆಳ್ಳೈತೆ. ನನ್ ಕುರಿ ಒಂದ್ ಬಾಯಿ ತಿಂದ್ರೆ ನಿಮಗ್ಯಾಕಣ್ಣಾ ಹೊಟ್ಟೆಉರಿ?" ಎನ್ನುತ್ತಿದ್ದ.

ಒಂದು ಶುಕ್ರವಾರ ಪೇಟೆಯಲ್ಲಿ, ಮೈದಾನ್ ಹವಲ್ಲಿಯ ನಮ್ಮೂರವರ ರೂಮಿನಲ್ಲಿ ಕೌಬಾಯ್ ಸಿನಿಮಾದ ವಿಡಿಯೋ ಕ್ಯಾಸೆಟ್ ಹಾಕಿದ್ದರು. ಟೋಪಿ, ಪಿಸ್ತೂಲು, ಕುದುರೆ; ದನದವರಿಗೂ ಕುರಿಯವರಿಗೂ ಹೊಡೆದಾಟ. ನಕ್ಕು ನಕ್ಕು ಸುಸ್ತಾದೆವು. ಮರುದಿನದಿಂದ ಕುರುಬ ಬೇಲಿಯ ಬಳಿ ಬಂದರೆ ನಮ್ಮವರು ಬೆರಳನ್ನೇ ಪಿಸ್ತೂಲು ಮಾಡಿ ಗುರಿ ಹಿಡಿಯುತ್ತಿದ್ದರು. ಅವನೂ ಎದೆ ಹಿಡಿದುಕೊಂಡು ಮರಳಿನ ಮೇಲೆ ಬೀಳುತ್ತಿದ್ದ.

ತೊಂಬತ್ತರ ಆಗಸ್ಟಿನಲ್ಲಿ ಇರಾಕಿನ ಸೈನಿಕರ ನಿಜವಾದ ಬಂದೂಕುಗಳು ಬಂದವು. ನಮ್ಮ ಮ್ಯಾನೇಜರ್ ಸೌದಿಗೆ ಓಡಿದ. ಮೇವಿನ ಲಾರಿ ನಿಂತಿತು, ದನಗಳ ಪಕ್ಕೆಲುಬು ಕಾಣತೊಡಗಿತು. ಕುರುಬನ ಬಳಿ ಮಾತ್ರ ಬಾರ್ಲಿ ಮೂಟೆಗಳ ರಾಶಿಯಿತ್ತು. ಟಾರ್ಪಾಲು ಮುಚ್ಚಿ, ಅದರ ಪಕ್ಕದಲ್ಲೇ ಮಲಗುತ್ತಿದ್ದ.

ಭಾರತೀಯರನ್ನು ಜೋರ್ಡನ್ನಿಗೆ ಒಯ್ಯುವ ಬಸ್ಸು ಹವಲ್ಲಿಗೆ ಬರುತ್ತದೆಂದು ಸುದ್ದಿಯಾದಾಗ, ನೀನೂ ಬಾ ಎಂದು ಅವನನ್ನು ಕರೆದೆ.

"ಮಳೆ ಬಿದ್ರೆ ಈ ಮರಳಲ್ಲೂ ಹುಲ್ಲು ಬರ್ತೈತಣ್ಣ. ಅಲ್ಲೀಗಂಟ ಈ ಬಾರ್ಲಿ ಸಾಕು. ನಾನು ಬಿಟ್ಟೋದ್ರೆ ಅವಕ್ಕೆ ಯಾರವ್ರೆ?" ಎಂದ.

ಹೊರಡುವ ಹೊತ್ತಿಗೆ ಹಾಲು ಕರೆಯುವವರಲ್ಲಿ ಎಲ್ಲರಿಗಿಂತ ಹಿರಿಯರಾದ ಒಬ್ಬರು ಪಟ್ಟು ಹಿಡಿದರು. "ಕೊರಳಲ್ಲಿ ಹಗ್ಗ ಇರುವಾಗ ದನ ಸತ್ತರೆ ಕಟ್ಟಿದವರಿಗೆ ಪಾಪ ಮಾರಾಯ್ರೇ. ಎಲ್ಲ ಬಿಚ್ಚಿ ಬಿಡುವ."

ನಮ್ಮೂರಲ್ಲಿ ಇದನ್ನು ನಂಬದವರಿಲ್ಲ, ಯಾರೂ ಎದುರಾಡಲಿಲ್ಲ. ನಮ್ಮವರು ಒಂದೊಂದೇ ದನದ ಹಣೆ ಮುಟ್ಟಿ ನಮಸ್ಕರಿಸಿ ಹಗ್ಗ ಬಿಚ್ಚಿದರು, ಗೇಟು ತೆರೆದಿಟ್ಟರು. ಕೆಲವರು ಅತ್ತರು. ಫಾರ್ಮಿನ ಪಿಕಪ್ ಗಾಡಿ ಹತ್ತುವಾಗ ಮಾತ್ರ ಎಲ್ಲರ ಮುಖದಲ್ಲೂ ಒಂದು ಸಮಾಧಾನವಿತ್ತು.

ಅವತ್ತು ಬಸ್ಸು ಬರಲಿಲ್ಲ. ಮರುದಿನ ಬೆಳಿಗ್ಗೆ ಫಾರ್ಮಿಗೇ ವಾಪಸಾದೆವು.

ಬೇಲಿ ಮಲಗಿತ್ತು. ಟಾರ್ಪಾಲು ಚಿಂದಿಯಾಗಿತ್ತು. ಮೂಟೆಗಳೆಲ್ಲ ಖಾಲಿ, ಉಳಿದ ಕಾಳು ಸಗಣಿಯಲ್ಲಿ ಕಲಸಿಹೋಗಿತ್ತು. ಹಸಿದ ಹೊಟ್ಟೆಗೆ ಬಾರ್ಲಿ ತುಂಬಿಕೊಂಡ ದನಗಳು ಹೊಟ್ಟೆ ಉಬ್ಬರಿಸಿ, ಕಾಲು ಚಾಚಿ ಬಿದ್ದಿದ್ದವು. ಕೆಲವಕ್ಕೆ ಇನ್ನೂ ಉಸಿರಿತ್ತು. ನೀರಿನ ತೊಟ್ಟಿಯ ಬಳಿ ಕುರಿಮರಿಗಳು ಕಾಲ್ತುಳಿತಕ್ಕೆ ಸಿಕ್ಕಿ ಸತ್ತಿದ್ದವು. ದನಗಳನ್ನು ಕೂಗಿ ಕೂಗಿ ಓಡಿಸಿ ಕುರುಬನ ಗಂಟಲು ಕಟ್ಟಿಹೋಗಿತ್ತು. ಮುರಿದ ಕೋಲು ಹಿಡಿದು ಕೂತಿದ್ದ.

ಆ ಹಿರಿಯರು ಕೈಮುಗಿದು, "ಒಂದೂ ಹಗ್ಗದಲ್ಲಿ ಸಾಯಲಿಲ್ಲ. ಅಷ್ಟಾದರೂ ಆಯ್ತು" ಎಂದರು. ಆ ಮಾತಿಗೆ ಬಂದ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ. ಅವರ ಕೊರಳಪಟ್ಟಿ ಹಿಡಿಯಬೇಕೆನಿಸಿತ್ತು.

ಕುರುಬನಿಗೆ ಮಾತ್ರ ಸಿಟ್ಟು ಬಂದಂತಿರಲಿಲ್ಲ. "ಕುರಿಗೆ ನಾವು ಹಗ್ಗಾನೇ ಕಟ್ಟಲ್ಲ ಅಜ್ಜಾ," ಎಂದ. "ನಾನೇನ್ ಬಿಚ್ಚಿ ಬಿಡ್ಲಿ?"

ಮಧ್ಯಾಹ್ನ ಬಸ್ಸು ಬಂದಿದೆಯೆಂದು ಸುದ್ದಿ ಬಂತು. ನಾವು ಕರೆಯುವ ಮೊದಲೇ ಕುರುಬ ಎದ್ದು ಪಿಕಪ್ಪಿನ ಕಡೆ ನಡೆದ. ಉಳಿದ ಕುರಿಗಳೂ ಎದ್ದು, ದಿನವೂ ಮೇಯಲು ಹೋಗುವಂತೆ ಅವನ ಬೆನ್ನ ಹಿಂದೆ ಬಂದವು. ಗಾಡಿ ಹೊರಟರೆ ಅವೂ ಓಡಿದವು. ಮೇನ್ ರೋಡು ಹತ್ತಿರವಾದರೂ ಬಿಡಲಿಲ್ಲ.

ಅವನು ಗಾಡಿಯನ್ನು ತಟ್ಟಿ ನಿಲ್ಲಿಸಿದ. ಇಳಿದು ಕಲ್ಲು ಆರಿಸಿಕೊಂಡ. ಮೊದಲ ಕಲ್ಲುಗಳನ್ನು ಪಕ್ಕಕ್ಕೆ ಎಸೆದ. ಮಂದೆಯನ್ನು ತಿರುಗಿಸಲು ಅವನು ಯಾವಾಗಲೂ ಎಸೆಯುತ್ತಿದ್ದದ್ದು ಹಾಗೆಯೇ. ಕುರಿಗಳು ಅವನ ಮಾತು ಕೇಳುವಂತೆ ಒಂದು ಸುತ್ತು ತಿರುಗಿ ಮತ್ತೆ ಅವನ ಬಳಿಗೇ ಬಂದವು. ಆಗ ಅವನು ಎಲ್ಲಕ್ಕಿಂತ ಮುಂದಿದ್ದ ಹಳೆಯ ಕುರಿಯ ಮುಖಕ್ಕೇ ಗುರಿಯಿಟ್ಟು ಹೊಡೆದ. ಅದು ನಿಂತಿತು. ಅದರ ಹಿಂದೆ ಎಲ್ಲವೂ ನಿಂತವು.

ಅವನು ಗಾಡಿ ಹತ್ತಿ, ಅವಕ್ಕೆ ಬೆನ್ನು ಮಾಡಿ ಕೂತು, ಗಾಡಿ ಬಿಡುವವನಿಗೆ "ಯಲ್ಲಾ ಭಾಯಿ, ಚಲೋ" ಎಂದ.