ಓರಗಿತ್ತಿ ಬೇಡವೆಂದ ಮನೆ

ದೊಡ್ಡಬಳ್ಳಾಪುರದಲ್ಲಿ ಹಳೆಯ ಮನೆ ಕೊಂಡು, ರಿಪೇರಿ ಮಾಡಿಸಿ ಮಾರುವ ಕೆಲಸವನ್ನು ಮನೆಯಲ್ಲಿ ಮೊದಲು ಶುರು ಮಾಡಿದವಳು ನಾನು. ನನ್ನನ್ನು ನೋಡಿ ಓರಗಿತ್ತಿಯೂ, ಅಂದರೆ ಮೈದುನನ ಹೆಂಡತಿಯೂ, ಅದಕ್ಕೇ ಇಳಿದಳು. ಕ್ರಮೇಣ ದಲ್ಲಾಳಿಗಳು ನನಗಿಂತ ಮೊದಲು ಅವಳಿಗೆ ಫೋನ್ ಮಾಡತೊಡಗಿದರು. ನನಗೆ ಹೊಟ್ಟೆ ಉರಿಯುತ್ತಿತ್ತು.

ಒಮ್ಮೆ ನೇಕಾರರ ಬೀದಿಯ ಒಂದೇ ಮನೆಯ ಮೇಲೆ ಇಬ್ಬರ ಕಣ್ಣೂ ಬಿತ್ತು. ಆಗತಾನೇ ಬಣ್ಣ ಬಳಿದಿದ್ದರು, ಗಾಳಿ ಬೆಳಕು ಚೆನ್ನಾಗಿತ್ತು. ಅವಳು ಮನೆ ಪರೀಕ್ಷೆ ಮಾಡುವ ಎಂಜಿನಿಯರನ್ನು ಬೆಂಗಳೂರಿನಿಂದ ಕರೆಸಿದಳು. ಅವರು ಗೋಡೆ ತಟ್ಟಿ, ತಾರಸಿ ಹತ್ತಿ ನೋಡಿ ಹೋದ ಮೇಲೆ ಹಿಂದೆ ಸರಿದಳು.

“ಅದು ಬೇಡ ಕಣಕ್ಕ. ವರ್ಷಗಟ್ಟಲೆ ಒಳಗೆ ಮಗ್ಗ ಓಡಿದ ಅದುರಿಗೆ ಪಾಯಾನೇ ಕುಸಿದೈತಂತೆ,” ಎಂದಳು.

ನನಗೆ ಸಿಗಬಾರದೆಂದೇ ಹೀಗೆ ಹೇಳುತ್ತಿದ್ದಾಳೆ ಅಂದುಕೊಂಡು ಆ ವಾರವೇ ಕೊಂಡೆ.

ಟೈಲ್ಸ್ ಹಾಕಿಸಿದೆ, ಅಡುಗೆಮನೆ ಹೊಸದು ಮಾಡಿಸಿದೆ. ಮಳೆಗಾಲದಲ್ಲಿ ಹಿಂದಿನ ಗೋಡೆ ಉದ್ದಕ್ಕೂ ಬಿರುಕು ಬಿಟ್ಟಿತು, ಟೈಲ್ಸ್ ಮೇಲೆದ್ದವು. ನೋಡಲು ಬಂದವರೆಲ್ಲ ಅದನ್ನು ಕಂಡು ಹಿಂತಿರುಗಿದರು. ಅಷ್ಟರಲ್ಲಿ ಅವಳು ಪಕ್ಕದ ಬೀದಿಯ ಮಂಕು ಮನೆಯೊಂದನ್ನು, ಅದೇ ಎಂಜಿನಿಯರ್ ಗಟ್ಟಿಯಾಗಿದೆ ಎಂದಿದ್ದನ್ನು, ಕೊಂಡು ಮಾರಿಯೂಬಿಟ್ಟಿದ್ದಳು.

ಕೊನೆಗೆ ನಾನೇ ಅವಳ ಬಾಗಿಲಿಗೆ ಹೋದೆ.

“ಆ ಎಂಜಿನಿಯರ್ ನಂಬರ್ ಕೊಡೇ.”

“ಕೊಡ್ತೀನಿ. ಅವ್ರು ಬರೋ ದಿನ ನಾನೂ ಬರ್ತೀನಿ ಬಿಡಕ್ಕ,” ಎಂದಳು. ಒಂದು ಚುಚ್ಚುಮಾತೂ ಆಡಲಿಲ್ಲ. ಅದೇ ನನ್ನನ್ನು ಹೆಚ್ಚು ಸುಟ್ಟಿತು.

ಪಾಯ ಭದ್ರಪಡಿಸಿದ ಮೇಲೆ ಮನೆ ಉಳಿಯಿತು, ಲಾಭ ಉಳಿಯಲಿಲ್ಲ. ಈಗ ಪರೀಕ್ಷೆ ಮಾಡಿಸದೆ ನಾನೂ ಯಾವ ಮನೆಯನ್ನೂ ಕೊಳ್ಳುವುದಿಲ್ಲ. ಆದರೆ ಅವಳು ನನ್ನನ್ನು ಅಕ್ಕ ಅನ್ನುವುದನ್ನು ಕೇಳಿದ್ದ ಆ ಎಂಜಿನಿಯರ್ ಬಂದಾಗಲೆಲ್ಲ, “ನಿಮ್ಮ ತಂಗಿ ಹೇಗಿದ್ದಾರೆ?” ಎಂದೇ ಮಾತು ಶುರು ಮಾಡುತ್ತಾರೆ. ಚೆನ್ನಾಗಿದ್ದಾಳೆ ಅನ್ನುವಷ್ಟರಲ್ಲಿ ನನ್ನ ಮುಖ ಬಿಗಿದುಕೊಂಡಿರುತ್ತದೆ.