ಕೆಳಗಿಟ್ಟ ಹೆಸರು

ರಾಜಾಜಿನಗರದ ನನ್ನ ಟ್ರೋಫಿ ಅಂಗಡಿಗೆ ಒಬ್ಬ ಕ್ರೀಡಾ ವರದಿಗಾರರು ಬರುತ್ತಿದ್ದರು. ಕಪ್‌ಗಳ ಮೇಲೆ ಕೆತ್ತಿದ ಹೆಸರುಗಳನ್ನು ಬೆರಳಾಡಿಸಿ ಓದುವುದು ಅವರ ಅಭ್ಯಾಸ. ಯಾವ ಪಂದ್ಯದ ಮಾತು ಬಂದರೂ, "ಮೊದ್ಲು ಗೆದ್ದೋರ್ ಯಾರು ಹೇಳಿ. ಹಾರ ಹಾಕಿಸ್ಕೊಂಡೋರು ಆಮೇಲೆ" ಎನ್ನುತ್ತಿದ್ದರು. ವ್ಯಾಪಾರಕ್ಕಿಳಿಯುವವರೂ ಇದನ್ನು ಕಲಿಯಬೇಕು: ಗಿರಾಕಿ ಕೇಳಿ ಬಂದದ್ದನ್ನೇ ಮುಂದಿಡಿ.

ಕಾಮಾಕ್ಷಿಪಾಳ್ಯದ ಹೆಣ್ಣುಮಕ್ಕಳ ಕಬಡ್ಡಿಯ ಸುದ್ದಿಯಲ್ಲಿ ಮಾತ್ರ ಅವರು ತಪ್ಪಿದರು. ಪಂದ್ಯ ನಡೆಸಿದವರ ಒತ್ತಾಯಕ್ಕೆ ವೇದಿಕೆಯ ಅತಿಥಿಗಳ ಹೆಸರನ್ನೆಲ್ಲ ಮೇಲೆ ಬರೆದು, ಕೊನೆಯ ರೈಡಿನಲ್ಲಿ ತಂಡವನ್ನು ಗೆಲ್ಲಿಸಿದ ಹುಡುಗಿಯನ್ನು ಕೆಳಗಿಟ್ಟರು. ಜಾಗ ಸಾಲದೆ ಪತ್ರಿಕೆಯವರು ಕೆಳಗಿನ ಸಾಲುಗಳನ್ನೇ ಕತ್ತರಿಸಿದರು.

ಸುದ್ದಿ ಅಚ್ಚಾದ ಬೆಳಿಗ್ಗೆ ವರದಿಗಾರರು ನನ್ನ ಅಂಗಡಿಯಲ್ಲಿ ಕೂತಿದ್ದಾಗ, ಹುಡುಗಿಯ ತಾಯಿ ಅವರನ್ನು ಹುಡುಕಿಕೊಂಡು ಅಲ್ಲಿಗೇ ಬಂದರು. ಕೈಯಲ್ಲಿ ಪೇಪರ್ ಇತ್ತು.

"ನನ್ ಮಗಳ ಹೆಸ್ರು ಎಲ್ಲೈತೆ ಸಾರ್? ಪೇಪರ್‌ನಲ್ಲಿ ಬಂದ್ರೆ ಮಾತ್ರ ಇನ್ಮೇಲೆ ಆಡಕ್ಕೆ ಕಳಿಸ್ತೀನಿ ಅಂದವ್ರೆ ಅವರಪ್ಪ."

ನಾನು ವರದಿಗಾರರ ಕಿವಿಯಲ್ಲಿ, "ಆಫೀಸ್‌ನೋರು ಕತ್ತರಿಸಿದ್ರು ಅಂದ್ಬಿಡಿ ಸಾರ್. ಸುಳ್ಳೇನಲ್ವಲ್ಲ" ಎಂದೆ.

ಅವರು ತಲೆ ಎತ್ತಲಿಲ್ಲ. "ಕತ್ತರಿಸೋದು ಯಾವಾಗ್ಲೂ ಕೆಳಗಡೆಯಿಂದ್ಲೇ ಅಂತ ನಂಗೆ ಗೊತ್ತಿತ್ತಮ್ಮ. ಗೊತ್ತಿದ್ದೂ ನಿಮ್ಮ ಮಗಳನ್ನ ಅಲ್ಲಿಟ್ಟೆ."

"ನಂಗೆ ಹೇಳಿದ್ರೆ ಏನ್ ಬಂತು? ಅವರಪ್ಪನ ಮುಂದೆ ಬಂದು ಹೇಳ್ತೀರಾ?"

ವರದಿಗಾರರು ಎದ್ದು ಚಪ್ಪಲಿ ಮೆಟ್ಟಿದರು. ಆ ತಂದೆಯನ್ನು ಹೇಗಾದರೂ ಒಪ್ಪಿಸಬಹುದೆಂದು ನಾನೂ ಎದ್ದೆ.

ಆಕೆ ನನ್ನತ್ತ ತಿರುಗಿದರು. "ನೀವ್ ಬರೋದ್ ಬೇಡ ಅಣ್ಣ. ನೀವು ಹೇಳ್ಕೊಟ್ಟಿದ್ದು ನಂಗೂ ಕೇಳಿಸ್ತು."