ಗಂಗುಲಮ್ಮನ ಕಣ್ಣು, ಮೇಲೂರಿನ ಕಂಪ್ಯೂಟರು

ರೇಷ್ಮೆ ನೂಲು ಬಿಚ್ಚುವವರ ಕಣ್ಣು ಬಿಸಿನೀರಿನ ಹಬೆಗೆ ಬೇಗ ಹೋಗುತ್ತದೆ ಎಂಬುದು ಮೇಲೂರಿನಲ್ಲಿ ಯಾರೂ ಪ್ರಶ್ನಿಸದ ಮಾತು. ದಾರಿಯಲ್ಲಿ ಎಡವಿದರೂ ಹಬೆಯ ಕಣ್ಣು, ಅನ್ನದಲ್ಲಿ ಕಲ್ಲು ಸಿಕ್ಕರೂ ಹಬೆಯ ಕಣ್ಣು. ಗಂಗುಲಮ್ಮ ಮದುವೆಯಾಗಿ ಬಂದಾಗಿನಿಂದ ರೇಷ್ಮೆಗೂಡು ಬೇಯುವ ಬಿಸಿನೀರಿನ ಮುಂದೆ ಕೂತವಳು. ಹಾಗಾಗಿ 2007ರಲ್ಲಿ ಅವಳು ಕಂಪ್ಯೂಟರ್ ಪರದೆಯ ಮೇಲಿನ ಕನ್ನಡ ಓದಲಾರದೆ ತಡವರಿಸಿದಾಗ, ಊರು ಬೇರೆ ಕಾರಣ ಹುಡುಕುವ ಗೋಜಿಗೇ ಹೋಗಲಿಲ್ಲ.

ಸಮುದಾಯ ಭವನದಲ್ಲಿ ಆ ತರಗತಿ ನಡೆಸುತ್ತಿದ್ದವಳು ನಾನು, ಸಂಘಮಿತ್ರ. ಎರಡು ಹಳೆಯ ಕಂಪ್ಯೂಟರು, ಎರಡರಲ್ಲೂ ಪುಕ್ಕಟೆ ಸಿಗುವ ಲಿನಕ್ಸ್ ಎಂಬ ತಂತ್ರಾಂಶ. ಸಂಜೆ ಕೆಲಸ ಮುಗಿಸಿದ ಹೆಂಗಸರು ಬಂದು ಓದಲು, ಟೈಪ್ ಮಾಡಲು ಕಲಿಯುತ್ತಿದ್ದರು. ಗಂಗುಲಮ್ಮ ದೊಡ್ಡ ವಯಸ್ಸಿನಲ್ಲಿ ಸ್ಲೇಟು ಹಿಡಿದು ಅಕ್ಷರ ಕಲಿತವಳು. ಬಸ್ಸಿನ ಬೋರ್ಡು, ಅಂಗಡಿಯ ಹಲಗೆ, ಯಾವುದನ್ನೂ ಬಿಡದೆ ಗಟ್ಟಿಯಾಗಿ ಓದುತ್ತ ನಡೆಯುವುದು ಅವಳ ಚಾಳಿ. ಜೊತೆಗೆ ಹೋದವರಿಗೆ ತಲೆನೋವು. ಅಂಥವಳು ಪರದೆಯ ಮುಂದೆ ಬಾಯಿ ಕಟ್ಟಿ ಕೂತಳು.

ಭವನದ ಅಧ್ಯಕ್ಷರಾದ ಮುನಿನಾರಾಯಣಪ್ಪನವರಿಗೆ ಅಷ್ಟೇ ಸಾಕಾಯಿತು.

“ಬೆಂದ ಕಣ್ಣಿಗೆ ಕಂಪ್ಯೂಟರ್ ಯಾಕಮ್ಮ? ಚಿಂತಾಮಣಿಗೆ ಹೋಗಿ ಕಣ್ಣು ತೋರಿಸ್ಕೋ. ಭಾನುವಾರ ನಾನೇ ಬರ್ತೀನಿ. ಒಂದು ಪುಟ ಓದಿದ್ರೆ ಸರಿ, ಇಲ್ಲಾಂದ್ರೆ ಆ ಕುರ್ಚಿ ಬೇರೆಯವರಿಗೆ.”

ನನಗೆ ಮೈಯೆಲ್ಲ ಉರಿಯಿತು. ಗಂಗುಲಮ್ಮನಿಗೆ ಇನ್ನೂ ಹೆಚ್ಚು. ಮಾರನೆಯ ಬೆಳಿಗ್ಗೆ ಕೈ ಹಿಡಿದು ನನ್ನನ್ನು ದರದರನೆ ತನ್ನ ಮನೆಯ ಹಿತ್ತಿಲಿಗೆ ಎಳೆದೊಯ್ದಳು. ಬಿಸಿನೀರಲ್ಲಿ ಗೂಡುಗಳು ತೇಲುತ್ತಿದ್ದವು. ಬೆರಳದ್ದಿ ಏನನ್ನೋ ಹಿಡಿದೆತ್ತಿದಳು.

“ಈ ಎಳೆ ಕಾಣ್ತದೇನಮ್ಮ ನಿಂಗೆ?”

“ಇಲ್ಲ.”

“ನಂಗೆ ಕಾಣ್ತದೆ. ಇದು ಕಾಣೋ ಕಣ್ಣಿಗೆ ನಿನ್ನ ಅಕ್ಷರ ಕಾಣಲ್ಲ ಅಂದ್ರೆ ತಪ್ಪು ಯಾರ್ದು? ಹೋಗಿ ನಿನ್ನ ಡಬ್ಬ ನೋಡ್ಕೋ ಹೋಗು!”

ಹೋಗಿ ನೋಡಿದೆ, ಮೂಗು ಪರದೆಗೆ ತಗಲುವಷ್ಟು ಹತ್ತಿರದಿಂದ. ಒತ್ತಕ್ಷರಗಳೆಲ್ಲ ಅಪ್ಪಚ್ಚಿಯಾಗಿದ್ದವು. ತ-ಒತ್ತೂ ನ-ಒತ್ತೂ ಒಂದೇ ಥರದ ಕಪ್ಪು ಚುಕ್ಕೆ. ರೂಢಿಯಿದ್ದವರು ಊಹಿಸಿ ಓದುತ್ತಾರೆ. ಅಕ್ಷರ ಅಕ್ಷರ ಕೂಡಿಸಿ ಓದುವವಳು ಏನು ಮಾಡಬೇಕು? ಅಕ್ಷರ ದೊಡ್ಡದು ಮಾಡಿದೆ, ಸಾಲು ಪರದೆಯಾಚೆ ಓಡಿತು. ಕೊನೆಗೆ ಫಾಂಟ್ ಸೆಟ್ಟಿಂಗಿನ ಒಳಗೆ ಕಳ್ಳ ಸಿಕ್ಕಿದ. ಹೆಸರು ಹಿಂಟಿಂಗ್.

ಪರದೆ ಎಂದರೆ ಸಣ್ಣ ಸಣ್ಣ ಚೌಕಗಳ ಹಾಸು. ಅಕ್ಷರದ ಗೆರೆಗಳನ್ನು ಎಳೆದು ಆ ಚೌಕಗಳಿಗೆ ಸರಿಯಾಗಿ ಕೂರಿಸುವ ಏರ್ಪಾಡೇ ಹಿಂಟಿಂಗ್. ನೆಟ್ಟಗೆ ನಿಲ್ಲುವ ಇಂಗ್ಲಿಷ್ ಅಕ್ಷರ ಅದರಿಂದ ಚೂಪಾಗುತ್ತದೆ. ನಮ್ಮ ದುಂಡು ಅಕ್ಷರ, ಅದರ ಕಾಲಡಿಯ ಪುಟ್ಟ ಒತ್ತು, ಚೌಕಕ್ಕೆ ಸಿಕ್ಕಿ ನಜ್ಜುಗುಜ್ಜಾಗುತ್ತದೆ. ನಮ್ಮ ಯಂತ್ರದಲ್ಲಿ ಅದು ‘ಫುಲ್’ ಎಂದಿತ್ತು. ತೆಗೆದೇ ಹಾಕಿದೆ. ಒತ್ತುಗಳು ಬಿಡಿಬಿಡಿಯಾಗಿ ತಮ್ಮ ತಮ್ಮ ಜಾಗದಲ್ಲಿ ಕೂತವು. ಇಂಗ್ಲಿಷ್ ತುಸು ಮೆತ್ತಗಾಯಿತು, ಆಗಲಿ ಅಂದುಕೊಂಡೆ.

ಭಾನುವಾರ ಮುನಿನಾರಾಯಣಪ್ಪ ಪರದೆ ನೋಡಿ ಮುಖ ಗಂಟಿಕ್ಕಿದರು.

“ಏನಮ್ಮ ಇದು, ಇಂಗ್ಲಿಷೆಲ್ಲ ಮಂಕು ಮಂಕಾಗಿದೆ? ಮೊದ್ಲಿದ್ದ ಹಾಗೆ ಮಾಡು.”

“ಮೊದಲು ಅವಳು ಓದಲಿ ಸಾರ್” ಎಂದೆ. ದನಿ ನಾನೆಂದುಕೊಂಡದ್ದಕ್ಕಿಂತ ಜೋರಾಗಿಯೇ ಬಂತು.

ಅವರೇ ಆರಿಸಿದ ಪುಟ, ಭವನದ ನಿಯಮಗಳು. ಗಂಗುಲಮ್ಮ ಬಸ್ಸಿನ ಬೋರ್ಡು ಓದುವ ದನಿಯಲ್ಲೇ ಶುರುಮಾಡಿದಳು. ಒಂದೆರಡು ಕಡೆ ನಿಂತಳು, ಮತ್ತೆ ನಡೆದಳು. “ಈ ಭವನ ಊರಿನ ಸಮಸ್ತರಿಗೂ ಸೇರಿದ್ದು” ಎಂಬ ಸಾಲನ್ನು ಯಾರೂ ಹೇಳದಿದ್ದರೂ ಎರಡು ಸಲ ಓದಿದಳು. ಬಾಗಿಲಲ್ಲಿ ನಿಂತಿದ್ದ ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು. ನನಗಂತೂ ಅಳು ಬಂತು.

“ಓದಿದ್ದಾಯ್ತಲ್ಲ” ಎಂದು ಮುನಿನಾರಾಯಣಪ್ಪ ಎದ್ದರು. “ಈಗ ಮೊದ್ಲಿನಂಗೆ ಮಾಡು. ನಂಗೆ ಅಕ್ಷರ ಸರಿಯಾಗಿ ಕಾಣ್ತಿಲ್ಲ.”

ನಾನು ಬಾಯಿ ತೆರೆಯುವಷ್ಟರಲ್ಲಿ ಗಂಗುಲಮ್ಮ ಮೌಸಿನ ಮೇಲೆ ಅಂಗೈ ಊರಿದಳು.

“ಕಾಣ್ತಿಲ್ವಾ ಸ್ವಾಮಿ? ಹಂಗಾದ್ರೆ ಚಿಂತಾಮಣಿಗೆ ಹೋಗಿ ಕಣ್ಣು ತೋರಿಸ್ಕೊಂಡು ಬನ್ನಿ. ಅಲ್ಲೀವರ್ಗೂ ಈ ಕುರ್ಚಿ ನಾನು ನೋಡ್ಕೋತೀನಿ.”